ತಲೆಗೆ ಪೆಟ್ಟು ಬಿದ್ದರೆ ಜೀನ್‌ಗಳೇ ಬದಲಾಗುತ್ತವೆಯೇ?

ಪ್ರಶ್ನೆ: ತಲೆಗೆ ಬಲವಾದ ಪೆಟ್ಟಾದರೆ ಮಿದುಳಿನ ಜೀನ್‌ಗಳು ಬದಲಾಗುತ್ತವೆ ಎಂದು ಓದಿದೆ. ನಿಜವೇ? ಹಾಗಿದ್ದರೆ ಅದು ಮುಂದೆ ಹುಟ್ಟುವ ಮಕ್ಕಳಿಗೂ ಬರುತ್ತದೆಯೇ?

ಉತ್ತರ: ಮೊದಲು ಆತಂಕ ಬಿಡಿ. ಪೆಟ್ಟು ನಿಮ್ಮ ಜೀನ್‌ಗಳ ಬರಹವನ್ನು ತಿದ್ದುವುದಿಲ್ಲ. ಮಕ್ಕಳಿಗೆ ಹೋಗುವುದು ಅಂಡಾಣು, ವೀರ್ಯಾಣುಗಳಲ್ಲಿರುವ ಡಿಎನ್‌ಎ, ಮಿದುಳಿನದ್ದಲ್ಲ. ಬದಲಾಗುವುದು ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಎಂಬುದು. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಪ್ರತಿ ಜೀವಕೋಶವೂ ತನಗೆ ಬೇಕಾದಷ್ಟನ್ನೇ ಬಳಸುತ್ತದೆ. ಪೆಟ್ಟು ಬಿದ್ದಾಗ ಆ ಆಯ್ಕೆ ಅಲ್ಲೋಲಕಲ್ಲೋಲವಾಗುತ್ತದೆ.

ಅದೂ ಒಮ್ಮೆಲೇ ಅಲ್ಲ, ಅಲೆಅಲೆಯಾಗಿ. ಗಾಯಗೊಂಡ ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಫಾಸ್, ಜೂನ್ ಎಂಬ ಜೀನ್‌ಗಳು ಎಚ್ಚೆತ್ತುಕೊಳ್ಳುತ್ತವೆ. ಅವುಗಳಿಂದ ಹುಟ್ಟಿದ ಪ್ರೋಟೀನ್‌ಗಳು ಡಿಎನ್‌ಎ ಮೇಲೆ ಕುಳಿತು ಬೇರೆ ಜೀನ್‌ಗಳನ್ನು ಎಬ್ಬಿಸುತ್ತವೆ. ಕೆಲವು ಗಂಟೆಗಳಲ್ಲಿ ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳು ಉರಿಯೂತದ ಸಂದೇಶಗಳನ್ನು ಕಳುಹಿಸತೊಡಗುತ್ತವೆ. ಇತ್ತ ನರಕೋಶಗಳ ನಡುವಿನ ಸಂಪರ್ಕಕ್ಕೆ ಬೇಕಾದ ಹಲವು ಜೀನ್‌ಗಳ ಚಟುವಟಿಕೆ ತಗ್ಗುತ್ತದೆ. ಸ್ಕ್ಯಾನ್ ಸರಿಯಾಗಿದ್ದರೂ ಮರೆವು, ಗಮನ ನಿಲ್ಲದಿರುವುದು, ಸುಸ್ತು ವಾರಗಟ್ಟಲೆ ಕಾಡುವುದುಂಟು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಮೂಳೆಮುರಿತ ಕಾಣುತ್ತವೆ. ಇಂಥ ಬದಲಾವಣೆಗಳು ಕಾಣುವುದಿಲ್ಲ. ಆದ್ದರಿಂದ "ಎಲ್ಲಾ ನಿಮ್ಮ ಮನಸ್ಸಿನ ಭ್ರಮೆ" ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ.

ದಿನಗಳು ಕಳೆದಂತೆ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳ ಸರದಿ. ಅವುಗಳಲ್ಲಿ ಜಿಎಫ್‌ಎಪಿ ಜೀನ್ ಜೋರಾಗಿ ಕೆಲಸ ಮಾಡುತ್ತದೆ, ಕೋಶದ ಕವಲುಗಳು ದಪ್ಪವಾಗುತ್ತವೆ. ಪೆಟ್ಟು ತೀವ್ರವಾಗಿದ್ದರೆ ಅವು ಒಂದಕ್ಕೊಂದು ಹೆಣೆದುಕೊಂಡು ಗಾಯದ ಸುತ್ತ ಬೇಲಿ ಕಟ್ಟುತ್ತವೆ. ಉರಿಯೂತ ಹರಡದಂತೆ ತಡೆಯುವ ಆ ಬೇಲಿಯೇ ಹೊಸ ನರತಂತುಗಳ ಬೆಳವಣಿಗೆಗೂ ಅಡ್ಡ ಬರಬಹುದು. ಜಿಎಫ್‌ಎಪಿ ಜೀನ್‌ನಿಂದ ತಯಾರಾಗುವ ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅನುಮತಿ ನೀಡಿತು. ಪೆಟ್ಟಾದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಸಿಗುವುದು ಮಾತ್ರ ಹೊಸದಾಗಿ ತಯಾರಾದದ್ದಲ್ಲ, ಹಾನಿಗೊಂಡ ಕೋಶಗಳಿಂದ ಸೋರಿದ್ದು.

ಹಾಗಾದರೆ ಉರಿಯೂತವನ್ನೇ ಅಡಗಿಸಿಬಿಟ್ಟರೆ? ಸ್ಟೀರಾಯ್ಡ್‌ಗಳು ಉರಿಯೂತದ ಜೀನ್‌ಗಳನ್ನು ತಗ್ಗಿಸುತ್ತವೆ, ಊತವನ್ನೂ ಇಳಿಸುತ್ತವೆ ಎಂಬ ಭರವಸೆಯಿಂದ ದಶಕಗಳ ಕಾಲ ತಲೆಪೆಟ್ಟಿಗೆ ಅವನ್ನು ಕೊಡುತ್ತಿದ್ದರು. ಸುಮಾರು 10,000 ರೋಗಿಗಳ ಮೇಲೆ ನಡೆದ ಕ್ರ್ಯಾಶ್ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು: ಎರಡು ವಾರಗಳೊಳಗಿನ ಸಾವು ಸ್ಟೀರಾಯ್ಡ್ ಪಡೆದವರಲ್ಲಿ ಶೇ 21, ಪಡೆಯದವರಲ್ಲಿ ಶೇ 18. ಈ ವಿಷಯದಲ್ಲಿ ನನ್ನನ್ನು ಅತ್ಯಂತ ಕಲಕಿದ ಅಂಕಿಗಳಿವು. ಉರಿಯೂತ ಹುಟ್ಟಿಸುವ ಮೈಕ್ರೋಗ್ಲಿಯಾವೇ ಸತ್ತ ಕೋಶಗಳ ಕಸವನ್ನೂ ತೆಗೆಯುತ್ತದೆ. ಯಾವ ಕೋಶದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಜೀನ್ ಎಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ತಡೆಯುವುದು ಚಿಕಿತ್ಸೆಯಾಗದು. ಈಗ ಒಂದೊಂದೇ ಕೋಶದ ಆರ್‌ಎನ್‌ಎ, ಅಂದರೆ ಕೆಲಸದಲ್ಲಿರುವ ಜೀನ್‌ಗಳ ನಕಲು ಪ್ರತಿ, ಓದುವ ತಂತ್ರಗಳಿವೆ. ಆದರೆ ಹೆಚ್ಚಿನ ಮಾಹಿತಿ ಬಂದಿರುವುದು ಇಲಿಗಳಿಂದ. ಮನುಷ್ಯನ ಮಿದುಳಿನ ಅಂಗಾಂಶ ಸಿಗುವುದು ಶಸ್ತ್ರಚಿಕಿತ್ಸೆಯಲ್ಲಿ ಅಥವಾ ಮರಣದ ನಂತರ ಮಾತ್ರ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಒಂದು ಎಚ್ಚರಿಕೆ. ಚೇತರಿಕೆ ಮುಗಿಯುವ ಮುನ್ನ ಇನ್ನೊಂದು ಪೆಟ್ಟು ಬಿದ್ದರೆ ಹಾನಿ ಹೆಚ್ಚು. ಲಕ್ಷಣಗಳು ಪೂರ್ತಿ ಇಳಿದು, ವೈದ್ಯರು ಒಪ್ಪುವ ತನಕ ಮೈದಾನಕ್ಕೆ ಇಳಿಯಬೇಡಿ. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಲೇ ಹೋದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.