ಹಳೇ ಇವಿಗೆ ಹೊಸ ಬ್ಯಾಟರಿ: ಸೆಲ್ ಅಗ್ಗವಾದರೂ ಬಿಲ್ ಯಾಕೆ ಇಳಿಯಲಿಲ್ಲ?

ಎಲೆಕ್ಟ್ರಿಕ್ ಕಾರಿನ ಮಾತು ಎಲ್ಲಿ ಬಂದರೂ ಎರಡು ಪ್ರಶ್ನೆ ಏಳುತ್ತವೆ. ಒಂದು, ಎಷ್ಟು ಕಿಲೋಮೀಟರ್ ಓಡುತ್ತೆ? ಎರಡು, ಬ್ಯಾಟರಿ ಹೋದ್ರೆ ಎಷ್ಟಾಗುತ್ತೆ? ಮೊದಲನೆಯದಕ್ಕೆ ಈಗ ನೆಟ್ಟಗಿನ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಒಬ್ಬರು ಮೂರು ಲಕ್ಷ ಅನ್ನುತ್ತಾರೆ, ಇನ್ನೊಬ್ಬರು ಏಳು ಲಕ್ಷ ಅನ್ನುತ್ತಾರೆ, ಮತ್ತೊಬ್ಬರು "ಲೈಫ್‌ಟೈಮ್ ವಾರಂಟಿ ಇದೆಯಲ್ಲ, ಯಾಕೆ ಸುಮ್ನೆ ತಲೆ ಕೆಡಿಸ್ಕೊಳ್ತೀರಿ" ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಗೋಜಲು ಇರುವುದೇ ಅಲ್ಲಿ.

ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುತ್ತಿರುವುದಕ್ಕೆ ಕಾರಣವಿದೆ. ಟಾಟಾ ನೆಕ್ಸಾನ್ ಇವಿ 2020ರ ಜನವರಿಯಲ್ಲಿ ಬಿಡುಗಡೆಯಾಯಿತು. ಮನೆಮಂದಿ ಓಡಾಡುವ ಕಾರಾಗಿ ದೇಶದಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಮೊದಲ ಇವಿ ಅದು. ಬ್ಯಾಟರಿ 30.2 ಕಿಲೋವ್ಯಾಟ್-ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 30.2 ಯೂನಿಟ್. ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಮೊದಲ ಕಂತಿನ ಕಾರುಗಳಿಗೆ 2028ರಲ್ಲಿ ಈ ರಕ್ಷಣೆ ಮುಗಿಯುತ್ತದೆ. ಜಾಸ್ತಿ ಓಡಿದ ಗಾಡಿಗಳಿಗೆ ಇನ್ನೂ ಮುಂಚೆ.

ಸಮಸ್ಯೆ ಮಾತ್ರ ಹೊಸದಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಊರಿನ ವಿದ್ಯುತ್ ಕಂಪನಿ 1912ರಿಂದ 1924ರವರೆಗೆ ಎಲೆಕ್ಟ್ರಿಕ್ ಗಾಡಿಗಳಿಗೆ ಬ್ಯಾಟರಿಯನ್ನು ಬಾಡಿಗೆಗೆ ಕೊಡುತ್ತಿತ್ತು. ಗಾಡಿಯನ್ನು ಬ್ಯಾಟರಿ ಇಲ್ಲದೆ ಕೊಳ್ಳಿ, ತಿಂಗಳಿಗಿಷ್ಟು, ಮೈಲಿಗಿಷ್ಟು ಕಟ್ಟಿ ಎಂಬ ಲೆಕ್ಕ. ಅಷ್ಟರಲ್ಲಿ ಪೆಟ್ರೋಲ್ ಅಗ್ಗವಾಯಿತು, ಸೆಲ್ಫ್ ಸ್ಟಾರ್ಟರ್ ಬಂತು, ಎಲೆಕ್ಟ್ರಿಕ್ ಗಾಡಿ ಮೂಲೆ ಸೇರಿತು, ಅದರ ಜೊತೆಗೇ ಈ ಪ್ರಶ್ನೆಯೂ ಎಪ್ಪತ್ತು-ಎಂಬತ್ತು ವರ್ಷ ಮಲಗಿತು.

ನಮ್ಮಲ್ಲಿ ಅದು ಎದ್ದಿದ್ದು ಬೆಂಗಳೂರಿನಲ್ಲಿ. ಮೈನಿ ಸಮೂಹ 1994ರಲ್ಲಿ ಅಮೆರಿಕದ ಕಂಪನಿಯೊಂದರ ಜೊತೆ ಸೇರಿ ಶುರುಮಾಡಿದ ರೇವಾ, 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಚಿಕ್ಕ ಮಕ್ಕಳು, ಅಷ್ಟೇ ಜಾಗ. ನೋಡಿ ನಕ್ಕವರೇ ಜಾಸ್ತಿ. ಅದೇ ಪುಟಾಣಿ ಕಾರು ಮುಂದೆ ಲಂಡನ್‌ನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು. ಅಲ್ಲಿ 2003ರಲ್ಲಿ ಜಾರಿಯಾದ ಕಂಜೆಶನ್ ಚಾರ್ಜ್‌ನಿಂದ, ಅಂದರೆ ನಗರದ ನಡುಭಾಗಕ್ಕೆ ಗಾಡಿ ತಂದರೆ ಕಟ್ಟುವ ಶುಲ್ಕದಿಂದ, ಎಲೆಕ್ಟ್ರಿಕ್ ಕಾರಿಗೆ ವಿನಾಯಿತಿ ಇತ್ತು.

ರೇವಾದ ಮುಂದಿನ ಸೀಟಿನ ಕೆಳಗೆ ಬ್ಯಾಟರಿ ಸಾಲು. ತಲಾ 6 ವೋಲ್ಟ್‌ನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್, 200 ಆಂಪಿಯರ್-ಅವರ್. ಗುಣಿಸಿದರೆ 9.6 ಯೂನಿಟ್. ಮೊದಲ ನೆಕ್ಸಾನ್‌ನ ಮೂರನೇ ಒಂದು ಪಾಲೂ ಇಲ್ಲ. ಕಾಗದದ ಮೇಲೆ ರೇಂಜ್ 80 ಕಿ.ಮೀ. ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತರೆ ಬಿಸಿನೀರಲ್ಲಿ ತೊಳೆಯಬೇಕು. ಚಾರ್ಜ್ ಪೂರ್ತಿ ಇಳಿಸಿ ನಿಲ್ಲಿಸಿದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಆ ಸಾಮರ್ಥ್ಯ ವಾಪಸ್ ಬರುವುದಿಲ್ಲ. ಮೊದಲ ವರ್ಷ ಆಫೀಸಿಗೆ ಹೋಗಿ ಬಂದು ಸಂಜೆ ಜಯನಗರಕ್ಕೂ ಒಂದು ಸುತ್ತು ಹಾಕಬಹುದಿತ್ತು. ಆಮೇಲೆ ಆಫೀಸಿಗೆ ಮಾತ್ರ. ಆಮೇಲೆ ಎಸಿ ಬಂದ್ ಮಾಡಿ ಆಫೀಸಿಗೆ. ಮೂರು ವರ್ಷದ ಆಸುಪಾಸಿನಲ್ಲಿ ಸೆಟ್ ಬದಲಿಸುವ ಕಾಲ ಬರುತ್ತಿತ್ತು.

ಅದು ಸಣ್ಣ ಖರ್ಚೇನಲ್ಲ. ಉಳಿಸಿದ ಪೆಟ್ರೋಲ್ ದುಡ್ಡಿನಲ್ಲಿ ದೊಡ್ಡ ಪಾಲನ್ನು ಆ ಎಂಟು ಡಬ್ಬಗಳು ನುಂಗುತ್ತಿದ್ದವು. ಆದರೆ ಆ ಬಿಲ್ಲಿಗೆ ಎರಡು ಒಳ್ಳೆಯ ಗುಣ ಇದ್ದವು. ಮೊದಲನೆಯದು, ಅಂಥ ಬ್ಯಾಟರಿ ಆ ಕಾರಿಗೆ ಮಾತ್ರ ಅಂತ ಮಾಡಿದ್ದಲ್ಲ. ಗಾಲ್ಫ್ ಗಾಡಿಗಳಲ್ಲೂ ಅದೇ ಜಾತಿಯದು ಇರುತ್ತದೆ. ಹೈಡ್ರೋಮೀಟರ್ ಹಿಡಿದ ಮೆಕ್ಯಾನಿಕ್ ಎಂಟರಲ್ಲಿ ಯಾವುದು ಸೋತಿದೆ ಎಂದು ಕಾರಿನ ಪಕ್ಕದಲ್ಲೇ ನಿಂತು ಹೇಳಬಲ್ಲವನಾಗಿದ್ದ. ಎರಡನೆಯದು, ಹಳೇ ಬ್ಯಾಟರಿಗೆ ಗುಜರಿ ಬೆಲೆ ಇತ್ತು. ಸೀಸ ಕೆಜಿ ಲೆಕ್ಕದಲ್ಲಿ ಮಾರಾಟವಾಗುವ ಲೋಹ. ಹಳೇದು ಕೊಟ್ಟರೆ ಹೊಸದರಲ್ಲಿ ಇಷ್ಟು ಕಡಿತ ಅಂತ ಅಂಗಡಿಯವರು ಕೇಳುವ ಮೊದಲೇ ಹೇಳುತ್ತಾರೆ. ಬ್ಯಾಟರಿ ಕೆಟ್ಟದ್ದೇ ಇರಬಹುದು. ಖರ್ಚು ಎಷ್ಟು, ಯಾವಾಗ ಅನ್ನುವುದು ಮಾತ್ರ ಮಾಲೀಕರಿಗೆ ಮೊದಲೇ ಗೊತ್ತಿತ್ತು. ಈಗ ಕಳೆದುಹೋಗಿರುವುದು ಅದೇ.

2009ರಲ್ಲಿ ರೇವಾಗೆ ಲಿಥಿಯಂ ಬ್ಯಾಟರಿ ಬಂತು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು. 2013ರ ಮಾರ್ಚ್‌ನಲ್ಲಿ ಬೊಮ್ಮಸಂದ್ರದಲ್ಲಿ ತಯಾರಾದ ಇ2ಒ ಮಾರುಕಟ್ಟೆಗೆ ಬಂತು. ಬ್ಯಾಟರಿಯ ಭಯದಿಂದ ಜನ ಹಿಂಜರಿಯುತ್ತಿದ್ದಾರೆ ಎಂದು ಕಂಪನಿಗೆ ಬೇಗ ಅರ್ಥವಾಗಿರಬೇಕು. 2014ರಲ್ಲಿ ಕಾರಿನ ಬೆಲೆಯನ್ನು 4.99 ಲಕ್ಷಕ್ಕೆ ಇಳಿಸಿ, ಬ್ಯಾಟರಿಗೆ ತಿಂಗಳಿಗೆ 2,599 ರೂಪಾಯಿ ಕಟ್ಟಿಸಿಕೊಳ್ಳುವ ಯೋಜನೆ ತಂದರು. ಹಾರ್ಟ್‌ಫರ್ಡ್‌ನ ಹಳೇ ಉಪಾಯವೇ, ಬೊಮ್ಮಸಂದ್ರದ ಲೆಕ್ಕದಲ್ಲಿ. ಕಾರು ಮಾತ್ರ ಹೆಚ್ಚು ಮಾರಾಟವಾಗಲಿಲ್ಲ. 2019ರ ಹೊತ್ತಿಗೆ ಅದರ ಕತೆ ಮುಗಿಯಿತು. ಮಾಡೆಲ್ ನಿಂತ ಮೇಲೂ ಉಳಿದ ಗಾಡಿಗಳಿಗೆ ಬ್ಯಾಟರಿ ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ಮೊದಲು ಎದುರಿಸಿದವರಲ್ಲಿ ಬೆಂಗಳೂರಿನ ರೇವಾ, ಇ2ಒ ಮಾಲೀಕರೂ ಇದ್ದಾರೆ.

ಹೊರದೇಶದಲ್ಲಿ ಇದೇ ಹೊತ್ತಿಗೆ ಇನ್ನೊಂದು ಪಾಠ ನಡೆದಿತ್ತು. 2010ರ ಕೊನೆಯಲ್ಲಿ ಬಂದ ನಿಸ್ಸಾನ್ ಲೀಫ್‌ನ ಬ್ಯಾಟರಿ 24 ಯೂನಿಟ್‌ನದು. ಅದನ್ನು ತಂಪಾಗಿಡಲು ನೀರಿನ ಕೊಳವೆ ವ್ಯವಸ್ಥೆ ಇರಲಿಲ್ಲ. 2012ರ ಬೇಸಿಗೆಯಲ್ಲಿ ಅರಿಜೋನಾದ ಸುಡುಬಿಸಿಲಲ್ಲಿ ಮಾಲೀಕರ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ಸಾಮರ್ಥ್ಯ ತೋರಿಸುವ ಗೆರೆಗಳು ಒಂದೊಂದಾಗಿ ಮಾಯವಾಗತೊಡಗಿದವು. ಹನ್ನೆರಡು ಗೆರೆಗಳಲ್ಲಿ ಒಂಬತ್ತಕ್ಕಿಂತ ಕಡಿಮೆಯಾದರೆ ರಿಪೇರಿ ಅಥವಾ ಬದಲಾವಣೆ, 5 ವರ್ಷ ಅಥವಾ 60 ಸಾವಿರ ಮೈಲಿವರೆಗೆ ಎಂದು ಕಂಪನಿ ಆಮೇಲೆ ಒಪ್ಪಿತು. 2014ರಲ್ಲಿ ವಾರಂಟಿ ಮುಗಿದವರಿಗೂ ಒಂದು ಬೆಲೆ ಪ್ರಕಟಿಸಿತು: 5,499 ಡಾಲರ್, ಹಳೇ ಪ್ಯಾಕ್ ವಾಪಸ್ ಕೊಡಬೇಕು. ಮೊತ್ತಕ್ಕಿಂತ ನನಗೆ ಮುಖ್ಯ ಅನ್ನಿಸುವುದು, ಅದು ಬೇಕಾದವರು ಓದಬಹುದಾದ ಒಂದು ಬೆಲೆಪಟ್ಟಿಯಾಗಿತ್ತು ಎಂಬುದು. ಇಂದಿಗೂ ಬಹಳಷ್ಟು ಇವಿಗಳಿಗೆ ಅಂಥ ಪಟ್ಟಿ ಇಲ್ಲ. ಕೇಳಿದರೆ "ಗಾಡಿ ತನ್ನಿ, ನೋಡಿ ಹೇಳ್ತೀವಿ" ಅನ್ನುತ್ತಾರೆ. 2021ರ ಕೊನೆಯಲ್ಲಿ ಫಿನ್‌ಲ್ಯಾಂಡಿನಲ್ಲಿ ಒಬ್ಬರು 20 ಸಾವಿರ ಯೂರೋ ದಾಟಿದ ಬ್ಯಾಟರಿ ಎಸ್ಟಿಮೇಟ್ ನೋಡಿ, ತಮ್ಮ 2013ರ ಟೆಸ್ಲಾವನ್ನು 30 ಕೆಜಿ ಡೈನಮೈಟ್ ಇಟ್ಟು ಉಡಾಯಿಸಿದರು. ಜಗತ್ತೇ ಆ ವಿಡಿಯೋ ನೋಡಿ ನಕ್ಕಿತು. ಆ ಎಸ್ಟಿಮೇಟ್‌ನಲ್ಲಿ ಯಾವುದಕ್ಕೆ ಎಷ್ಟು ಅಂತ ಕೇಳಿದವರು ಕಡಿಮೆ.

ಈಗ ಮೂರು ಲಕ್ಷದ ಉತ್ತರಕ್ಕೆ ಬರೋಣ. ಬ್ಯಾಟರಿ ಪ್ಯಾಕ್ ಬೆಲೆಯ ಬಗ್ಗೆ ಬ್ಲೂಮ್‌ಬರ್ಗ್‌ಎನ್‌ಇಎಫ್ ಎಂಬ ಅಧ್ಯಯನ ಸಂಸ್ಥೆ ಪ್ರತಿ ವರ್ಷ ಸಮೀಕ್ಷೆ ಮಾಡುತ್ತದೆ. 2010ರಲ್ಲಿ ಒಂದು ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರ್‌ಗೂ ಮೇಲಿದ್ದ ಜಾಗತಿಕ ಸರಾಸರಿ, 2024ರಲ್ಲಿ 115 ಡಾಲರ್‌ಗೆ ಇಳಿದಿತ್ತು. 30.2 ಯೂನಿಟ್‌ಗೆ ಲೆಕ್ಕ ಹಾಕಿದರೆ ಮೂರು ಲಕ್ಷ ರೂಪಾಯಿ ಹತ್ತಿರ. ಆದರೆ ಇದು ಕಾರು ಕಂಪನಿ ಸಾವಿರಗಟ್ಟಲೆ ಪ್ಯಾಕ್ ಒಟ್ಟಿಗೆ ಕೊಳ್ಳುವಾಗಿನ ದರ. ಸರ್ವೀಸ್ ಸೆಂಟರ್ ಕೌಂಟರ್‌ನಲ್ಲಿ ಒಂದೇ ಒಂದು ಪ್ಯಾಕ್ ಕೊಳ್ಳುವವರಿಗೆ ಈ ದರ ಸಿಗುವುದಿಲ್ಲ. ಅಷ್ಟೇ ಗಾತ್ರದ ಪ್ಯಾಕ್‌ಗೆ ಸುದ್ದಿಯಲ್ಲಿ ಓಡಾಡಿದ ಅಂಕಿ ಏಳು ಲಕ್ಷದವರೆಗೂ ಇದೆ.

ನಡುವಿನ ದುಡ್ಡು ಎಲ್ಲಿ ಹೋಗುತ್ತದೆ? ಒಂದಿಷ್ಟು ನ್ಯಾಯವಾದದ್ದೇ. ಲಿಥಿಯಂ ಪ್ಯಾಕ್ ಅಪಾಯಕಾರಿ ಸರಕು, ಅದರ ಸಾಗಾಟ ದುಬಾರಿ. ಗೋದಾಮಿನಲ್ಲಿ ಇಟ್ಟರೂ ಪ್ಯಾಕ್ ಒಳಗಿನ ಸೆಲ್‌ಗಳಿಗೆ ವಯಸ್ಸಾಗುತ್ತದೆ, ಹಾಗಾಗಿ ಹತ್ತು ವರ್ಷಕ್ಕಾಗುವಷ್ಟು ಸ್ಟಾಕ್ ಮಾಡಿಡಲು ಆಗುವುದಿಲ್ಲ. ಅಷ್ಟರಲ್ಲಿ ಸೆಲ್‌ನ ಮಾದರಿಯೇ ಬದಲಾಗಿರುತ್ತದೆ. ಹೊಸ ಸೆಲ್ ಅಗ್ಗವಾಗಿದ್ದರೂ ಹಳೇ ಪೆಟ್ಟಿಗೆಗೆ ಕೂರುವುದಿಲ್ಲ.

ತೆರಿಗೆಯದ್ದು ಇನ್ನೊಂದು ಕತೆ. ಇವಿ ಮೇಲಿನ ಜಿಎಸ್‌ಟಿಯನ್ನು 2019ರ ಆಗಸ್ಟ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿಸಿದರು. ಬ್ಯಾಟರಿ ಕಾರಿನೊಳಗೆ ಕೂತು ಬಂದರೆ ಅದಕ್ಕೂ ಶೇ. 5. ಅದೇ ಲಿಥಿಯಂ ಬ್ಯಾಟರಿ ಬಿಡಿಯಾಗಿ ಬಂದರೆ ಶೇ. 18. ಐದು ಲಕ್ಷದ ಪ್ಯಾಕ್ ಮೇಲೆ 25 ಸಾವಿರ ಆಗಬೇಕಿದ್ದ ತೆರಿಗೆ 90 ಸಾವಿರ ಆಗುತ್ತದೆ. ಹೊಸ ಕಾರು ಕೊಳ್ಳುವವರಿಗೆ ಪ್ರೋತ್ಸಾಹ, ಹಳೇ ಕಾರನ್ನು ಉಳಿಸಿಕೊಳ್ಳುವವರಿಗೆ ಪೂರ್ತಿ ತೆರಿಗೆ. ಪರಿಸರದ ಹೆಸರಲ್ಲಿ ನಡೆಯುವ ಲೆಕ್ಕ ಇದಾದರೆ, ಎಲ್ಲೋ ತಿರುವುಮುರುವಾಗಿದೆ ಅಲ್ವಾ?

ಇನ್ನು ರಿಪೇರಿ. ಬ್ಯಾಟರಿ ಸಾಮಾನ್ಯವಾಗಿ ಒಟ್ಟಿಗೆ ಸಾಯುವುದಿಲ್ಲ. ನೂರಾರು ಸೆಲ್ ಸಾಲಾಗಿ ಜೋಡಿಸಿರುತ್ತಾರೆ. ಜೋಡೆತ್ತಿನ ಗಾಡಿ ಕುಂಟುವ ಎತ್ತಿನ ವೇಗಕ್ಕೇ ಹೋಗುವ ಹಾಗೆ, ಒಂದು ಸಾಲಿನಲ್ಲಿ ಒಂದು ಸೆಲ್ ಸೋತರೆ ಇಡೀ ಪ್ಯಾಕ್ ಅದರ ಮಟ್ಟಕ್ಕೆ ಇಳಿಯುತ್ತದೆ. ಅದು ಮೊದಲು ಖಾಲಿಯಾದ ಕೂಡಲೇ ಉಳಿದವುಗಳಲ್ಲಿ ಚಾರ್ಜ್ ಇದ್ದರೂ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಗಾಡಿ ನಿಲ್ಲಿಸುತ್ತದೆ. ಆ ಸೋತ ಸೆಲ್ ಇರುವ ಮಾಡ್ಯೂಲ್ (ಕೆಲವು ಸೆಲ್ ಸೇರಿಸಿದ ಕಟ್ಟು) ಒಂದನ್ನೇ ತೆಗೆದು ಬೇರೆ ಹಾಕಿದರೆ ಎಷ್ಟೋ ಕಾರು ಮತ್ತೆ ಓಡುತ್ತವೆ. ಆದರೆ ಬಿಡಿ ಮಾಡ್ಯೂಲ್ ಹೊರಗೆ ಮಾರಾಟಕ್ಕೆ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಹೊಸದನ್ನು ಒಪ್ಪಿಕೊಳ್ಳುವಂತೆ ಸಾಫ್ಟ್‌ವೇರ್‌ಗೆ ಹೇಳುವ ಉಪಕರಣ ಕಂಪನಿಯ ಕೈಯಲ್ಲಿರುತ್ತದೆ. ಇದಕ್ಕೆ ಸುರಕ್ಷತೆಯ ಕಾರಣವೂ ಇದೆ, ಅದು ನೆಪವಲ್ಲ. ಒಳಗಿರುವುದು 300 ವೋಲ್ಟ್ ದಾಟಿದ ಡಿಸಿ ಕರೆಂಟ್. 2022ರಲ್ಲಿ ಸ್ಕೂಟರ್‌ಗಳು ಸಾಲುಸಾಲಾಗಿ ಹೊತ್ತಿ ಉರಿದ ಮೇಲೆ ಬ್ಯಾಟರಿ ನಿಯಮಗಳನ್ನು ಬಿಗಿ ಮಾಡಿದ್ದು ಸರಿಯಾದ ಕೆಲಸವೇ. ಆದರೆ ಸುರಕ್ಷಿತವಾಗಿ ಮಾಡ್ಯೂಲ್ ಬದಲಿಸಲು ಹೊರಗಿನವರಿಗೆ ತರಬೇತಿ, ಬಿಡಿಭಾಗ, ಬೆಲೆಪಟ್ಟಿ ಕೊಡಬೇಕು ಎಂಬ ಮಾತು ಆ ಬಿಗಿಯಲ್ಲಿ ಬರಲಿಲ್ಲ. ಬಾಗಿಲು ಮುಚ್ಚಿದ್ದಷ್ಟೇ ಆಯಿತು.

ಮೂರನೆಯ ಉತ್ತರ, ಲೈಫ್‌ಟೈಮ್ ವಾರಂಟಿ. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಬಂದಾಗ ಈ ಮಾತು ಜೋರಾಯಿತು. ಆಮೇಲೆ ಮಹೀಂದ್ರ, ಟಾಟಾ ಕೂಡ ಕೆಲವು ಮಾಡೆಲ್‌ಗಳಿಗೆ ಕೊಟ್ಟವು. ಸಣ್ಣಕ್ಷರದಲ್ಲಿ ಇರುವುದು ಇಷ್ಟು: ಅದು ಮೊದಲ ಮಾಲೀಕರಿಗೆ. ಕಾರು ಕೈ ಬದಲಾದರೆ ಮಾಮೂಲಿ ವರ್ಷ-ಕಿಲೋಮೀಟರ್ ಮಿತಿಗೆ ಇಳಿಯುತ್ತದೆ. ಟಾಟಾದ ಲೆಕ್ಕದಲ್ಲಿ ಲೈಫ್‌ಟೈಮ್ ಅಂದರೆ ಮೊದಲ ನೋಂದಣಿಯಿಂದ 15 ವರ್ಷ. ಮೊದಲ ಮಾಲೀಕರಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಎಂಟು ವರ್ಷದೊಳಗೆ ಬ್ಯಾಟರಿ ಬದಲಿಸುವ ಸಂದರ್ಭ ಹೇಗೂ ಕಡಿಮೆ. 2024ರಲ್ಲಿ ಜಿಯೋಟ್ಯಾಬ್ ಎಂಬ ವಾಹನ ಮಾಹಿತಿ ಕಂಪನಿ ಸುಮಾರು ಹತ್ತು ಸಾವಿರ ಇವಿಗಳ ಮಾಹಿತಿ ನೋಡಿದಾಗ ಸಾಮರ್ಥ್ಯ ಇಳಿದದ್ದು ವರ್ಷಕ್ಕೆ ಸರಾಸರಿ ಶೇ. 1.8 ಮಾತ್ರ. ಬಿಲ್ ಬರುವುದು ಹತ್ತು-ಹನ್ನೆರಡನೇ ವರ್ಷದಲ್ಲಿ, ಎರಡನೆಯ ಅಥವಾ ಮೂರನೆಯ ಮಾಲೀಕರಿಗೆ. ಹೊಸ ಇವಿ ಕೊಳ್ಳಲು ದುಡ್ಡು ಸಾಲದೆ ಹಳೇದು ತಗೊಂಡವರಿಗೆ.

ಬ್ಯಾಟರಿ ಬಾಡಿಗೆ ಮತ್ತೆ ಬಂದಿದೆ. ವಿಂಡ್ಸರ್ ಬ್ಯಾಟರಿ ಸಮೇತ 13.50 ಲಕ್ಷ ಇತ್ತು, ಬ್ಯಾಟರಿ ಬಿಟ್ಟರೆ 9.99 ಲಕ್ಷ, ಜೊತೆಗೆ ಕಿಲೋಮೀಟರ್‌ಗೆ ಮೂರೂವರೆ ರೂಪಾಯಿ. ಒಂದು ಲಕ್ಷ ಕಿ.ಮೀ. ಓಡಿದರೆ ಮೂರೂವರೆ ಲಕ್ಷ, ಅಲ್ಲಿಗೆ ಲೆಕ್ಕ ಸಮ. ಅದರಾಚೆ ಓಡಿದ್ದೆಲ್ಲ ಮೇಲಿನ ಖರ್ಚು. ಯುರೋಪಿನಲ್ಲಿ ರೆನೋ ಜೋಯಿ ಕಾರಿಗೆ ಇಂಥ ಬಾಡಿಗೆ ವರ್ಷಗಟ್ಟಲೆ ಇತ್ತು. ಸೆಕೆಂಡ್ ಹ್ಯಾಂಡ್ ಕೊಂಡವರು ಕಾರಿನ ಜೊತೆ ಬಾಡಿಗೆ ಕರಾರನ್ನೂ ಹೊತ್ತುಕೊಳ್ಳಬೇಕಾಯಿತು. ಕೊನೆಗೆ ಆ ಪದ್ಧತಿಯನ್ನೇ ಕೈಬಿಟ್ಟರು. ರೇವಾ ಕಟ್ಟಿದ ಚೇತನ್ ಮೈನಿ ಈಗ ಹಿಡಿದಿರುವ ದಾರಿ ಬೇರೆ. ಅವರ ಸನ್ ಮೊಬಿಲಿಟಿ ಖಾಲಿ ಬ್ಯಾಟರಿ ಇಟ್ಟು ತುಂಬಿದ್ದನ್ನು ಎತ್ತಿಕೊಂಡು ಹೋಗುವ ಕೇಂದ್ರಗಳನ್ನು ನಡೆಸುತ್ತದೆ. ಮುಖ್ಯವಾಗಿ ಆಟೋ, ಸ್ಕೂಟರ್‌ನಂಥ ಗಾಡಿಗಳಿಗೆ. ಕಾರಿನ ಭಾರದ ಪ್ಯಾಕ್‌ಗೆ ಅದು ನಮ್ಮಲ್ಲಿ ಇನ್ನೂ ಒಗ್ಗಿಲ್ಲ.

ಗುಜರಿಯ ಮಾತೂ ಹಾಗೇ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಅದರೊಳಗಿನ ವಸ್ತುಗಳಲ್ಲಿ ಶೇ. 90ರಷ್ಟನ್ನು 2026-27ರಿಂದ ಮರಳಿ ತೆಗೆಯಬೇಕು. ಆದರೆ ಹೊಣೆ ಇರುವುದು ವಾಪಸ್ ತಗೊಳ್ಳುವುದಕ್ಕೆ. ಮಾಲೀಕರಿಗೆ ಇಷ್ಟು ದುಡ್ಡು ಕೊಡಬೇಕು ಅಂತಿಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಸೆಲ್‌ನಲ್ಲಿ ಕೋಬಾಲ್ಟ್, ನಿಕ್ಕಲ್‌ನಂಥ ದುಬಾರಿ ಲೋಹ ಇರುವುದಿಲ್ಲ. ಬೆಂಕಿಯ ಭಯ ಕಡಿಮೆ, ಬಾಳಿಕೆ ಜಾಸ್ತಿ, ಗುಜರಿ ಬೆಲೆ ಮಾತ್ರ ಅಷ್ಟಕ್ಕಷ್ಟೇ.

ಯುರೋಪ್ 2027ರ ಫೆಬ್ರುವರಿಯಿಂದ ಪ್ರತಿ ಇವಿ ಬ್ಯಾಟರಿಗೂ ಪಾಸ್‌ಪೋರ್ಟ್, ಅಂದರೆ ಅದರ ವಿವರಗಳಿರುವ ಡಿಜಿಟಲ್ ದಾಖಲೆ, ಕಡ್ಡಾಯ ಮಾಡುತ್ತಿದೆ. ನಮ್ಮ ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ಟೈರ್ ಎಷ್ಟು ಸವೆದಿದೆ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಅಂತೆಲ್ಲ ಇರುತ್ತದೆ, ಬ್ಯಾಟರಿ ಆರೋಗ್ಯ ಎಷ್ಟು ಶೇಕಡಾ ಅನ್ನುವುದು ಅಪರೂಪ. ಅಂಥ ದಾಖಲೆ ನಮ್ಮಲ್ಲೂ ಬರುವವರೆಗೆ ಕೊಳ್ಳುವವರೇ ಒಂದು ಅಂದಾಜು ಹಾಕಿಕೊಳ್ಳಬಹುದು. ಶೇ. 20ಕ್ಕೆ ಇಳಿದ ಕಾರನ್ನು ಮನೆಯ ಚಾರ್ಜರ್‌ನಲ್ಲಿ ನೂರರವರೆಗೆ ತುಂಬಿಸಿ, ಮೀಟರ್‌ನಲ್ಲಿ ಎಷ್ಟು ಯೂನಿಟ್ ಹೋಯಿತು ನೋಡಿ. ಅದರಲ್ಲಿ ಹತ್ತನೇ ಒಂದು ಭಾಗ ಚಾರ್ಜಿಂಗ್ ನಷ್ಟ ಅಂತ ಕಳೆಯಿರಿ. 30.2 ಯೂನಿಟ್‌ನ ಹೊಸ ಪ್ಯಾಕ್‌ಗೆ ಆ ಎಂಬತ್ತು ಶೇಕಡಾ ಅಂದರೆ 24 ಯೂನಿಟ್ ಚಿಲ್ಲರೆ. ನಿಮಗೆ 21 ಬಂದರೆ ಆರೋಗ್ಯ ಶೇ. 87ರ ಆಸುಪಾಸು. ಒರಟು ಲೆಕ್ಕ, ನಿಜ. ಆದರೆ 17 ಬಂದರೆ ಅದು ಶೇ. 70, ಬಹಳಷ್ಟು ಕಂಪನಿಗಳು ವಾರಂಟಿಯಲ್ಲಿ ಎಳೆಯುವ ಗೆರೆ. ಆಗ ವಾರಂಟಿ ಇನ್ನೂ ಬಾಕಿ ಇರುವಾಗಲೇ, ಈಗಿನ ಮಾಲೀಕರ ಹೆಸರಲ್ಲೇ, ಸರ್ವೀಸ್ ಸೆಂಟರ್‌ನಿಂದ ಬ್ಯಾಟರಿ ರಿಪೋರ್ಟ್ ಬರಹದಲ್ಲಿ ತರಿಸಿಕೊಂಡು ಆಮೇಲೆ ಬೆಲೆ ಮಾತಾಡಿ.