ಸರ್ಕ್ಯೂಟ್‌ಗೂ ಮೊದಲು ಎರಡು ಆವರ್ತನಗಳು

ಕಂಪಿಸುವ ಪಟ್ಟಿಯ ಬುಡದಲ್ಲಿ ಬಾಗಿದಾಗ ವಿದ್ಯುತ್ ಹುಟ್ಟಿಸುವ ಪಿಜೋ ಸೆರಾಮಿಕ್ ತುಂಡೊಂದನ್ನು ಅಂಟಿಸಿ, ಅದರ ಎರಡು ಎಲೆಕ್ಟ್ರೋಡ್‌ಗಳ ನಡುವೆ ರೆಸಿಸ್ಟರ್ ಜೋಡಿಸಿದರೆ ಕಂಪನದ ಶಕ್ತಿಯ ಒಂದು ಪಾಲು ವಿದ್ಯುತ್ತಾಗಿ ಹರಿದು ಶಾಖವಾಗಿ ಹೋಗುತ್ತದೆ. ರಾಬರ್ಟ್ ಫಾರ್ವರ್ಡ್ 1979ರಲ್ಲಿ ಈ ದಾರಿ ತೋರಿಸಿದರು; 1991ರಲ್ಲಿ ಹಗೂಡ್ ಮತ್ತು ಫಾನ್ ಫ್ಲೋಟೋ ಅದಕ್ಕೆ ಗಣಿತದ ಗಟ್ಟಿ ನೆಲೆ ಒದಗಿಸಿದರು. ಇಂದು, ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ತಂತ್ರಾಂಶದಲ್ಲಿ ರಚನೆಯನ್ನೂ ಸರ್ಕ್ಯೂಟನ್ನೂ ಒಟ್ಟಿಗೆ ಬಿಡಿಸಬಹುದು. ಆದರೆ ಕಿರಿಯ ಎಂಜಿನಿಯರ್‌ಗಳು ನೇರವಾಗಿ ಸರ್ಕ್ಯೂಟ್‌ಗೆ ಕೈ ಹಾಕುವುದನ್ನು ಕಂಡಾಗಲೆಲ್ಲ ನಾನು ತಡೆಯುತ್ತೇನೆ.

ಮೊದಲು ಎಲೆಕ್ಟ್ರೋಡ್‌ಗಳನ್ನು ಶಾರ್ಟ್ ಮಾಡಿ (ತಂತಿಯಿಂದ ನೇರವಾಗಿ ಜೋಡಿಸಿ) ಸಹಜ ಆವರ್ತನ ಕಂಡುಹಿಡಿಯಿರಿ, ಆಮೇಲೆ ತೆರೆದಿಟ್ಟು ಮತ್ತೊಮ್ಮೆ. ಉದಾಹರಣೆಗೆ 50 ಹರ್ಟ್ಸ್ ಮತ್ತು 50.5 ಹರ್ಟ್ಸ್ ಬಂದವೆನ್ನಿ. ಎರಡರ ವರ್ಗಗಳ ಅಂತರವನ್ನು ಮೊದಲನೆಯದರ ವರ್ಗದಿಂದ ಭಾಗಿಸಿದರೆ ಸುಮಾರು 0.02. ಬರೀ ರೆಸಿಸ್ಟರ್‌ನಿಂದ ಸಿಗಬಹುದಾದ ಗರಿಷ್ಠ ಡ್ಯಾಂಪಿಂಗ್ ಅನುಪಾತ (ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಳತೆ) ಇದರ ಕಾಲುಭಾಗ, ಅಂದರೆ ಶೇ. 0.5. ಯಾವ ರೆಸಿಸ್ಟರ್ ಹಾಕಿದರೂ ಇದನ್ನು ಮೀರಲಾಗದು. ಅಷ್ಟು ಸಾಲದಿದ್ದರೆ ತುಂಡನ್ನು ಹೆಚ್ಚು ಬಾಗುವ ಜಾಗಕ್ಕೆ ಸರಿಸಬೇಕು, ಗಾತ್ರ ಬದಲಿಸಬೇಕು, ಇಲ್ಲವೇ ಇಂಡಕ್ಟರ್ (ತಂತಿಯ ಸುರುಳಿ) ಸೇರಿಸಬೇಕು. ಅಂಟಿನ ಪದರವನ್ನು ಮಾದರಿಯಲ್ಲಿ ಕೈಬಿಟ್ಟರೆ ಈ ಅಂತರ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪ್ರತಿ ಎಲೆಕ್ಟ್ರೋಡಿನ ಎಲ್ಲ ನೋಡ್‌ಗಳನ್ನು (ಮಾದರಿಯ ಲೆಕ್ಕದ ಬಿಂದುಗಳನ್ನು) ಒಂದೇ ವೋಲ್ಟೇಜಿಗೆ ಕಟ್ಟದಿದ್ದರಂತೂ ಲೆಕ್ಕವೇ ಅರ್ಥಹೀನ.

ಇಂಡಕ್ಟರ್ ಸೇರಿಸಿ, ಅದು ಪಿಜೋವಿನ ಕೆಪಾಸಿಟೆನ್ಸ್ ಜೊತೆ ಉಂಟುಮಾಡುವ ವಿದ್ಯುತ್ ಅನುರಣನವನ್ನು ಪಟ್ಟಿಯ ತೆರೆದಿಟ್ಟಾಗಿನ ಆವರ್ತನಕ್ಕೇ ಹೊಂದಿಸಿದರೆ ಡ್ಯಾಂಪಿಂಗ್ ಹಲವು ಪಟ್ಟು ಏರುತ್ತದೆ. ಇಲ್ಲಿಯೇ ನಾನು ಪದೇ ಪದೇ ನೋಡುವ ತಪ್ಪಿದೆ: ಸರ್ಕ್ಯೂಟ್ ಚಿತ್ರದಲ್ಲಿ ಪಿಜೋವಿನ ಕೆಪಾಸಿಟರನ್ನೂ ಬರೆದುಬಿಡುವುದು. ಆ ಕೆಪಾಸಿಟೆನ್ಸ್ ಸೆರಾಮಿಕ್‌ನ ಎಲಿಮೆಂಟ್‌ಗಳೊಳಗೆ ಆಗಲೇ ಇದೆ. ಎರಡು ಸಲ ಎಣಿಸಿದರೆ ವಿದ್ಯುತ್ ಅನುರಣನ 50.5ರಿಂದ ಸುಮಾರು 36 ಹರ್ಟ್ಸ್‌ಗೆ ಕುಸಿಯುತ್ತದೆ. ಸರ್ಕ್ಯೂಟ್ ಇದ್ದೂ ಇಲ್ಲದಂತಾಗುತ್ತದೆ. ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಕೆಪಾಸಿಟೆನ್ಸ್ 100 ನ್ಯಾನೋಫ್ಯಾರಡ್ ಆಗಿದ್ದರೆ ಬೇಕಾಗುವ ಇಂಡಕ್ಟೆನ್ಸ್ ಸುಮಾರು 99 ಹೆನ್ರಿ, ಜೊತೆಗೆ ರೆಸಿಸ್ಟೆನ್ಸ್ ಸುಮಾರು 6 ಕಿಲೋಓಮ್. ಕಂಪ್ಯೂಟರಿನಲ್ಲಿ 99 ಹೆನ್ರಿ ಎಂಬುದು ಒಂದು ಅಂಕಿ ಅಷ್ಟೆ. ಮೇಜಿನ ಮೇಲೆ ಅದು ಭಾರೀ ಸುರುಳಿ, ಅದರ ತಂತಿಯ ರೆಸಿಸ್ಟೆನ್ಸ್ ಒಂದೇ ಆ 6 ಕಿಲೋಓಮ್ ದಾಟಿಬಿಡಬಹುದು. ಆದ್ದರಿಂದಲೇ ಬಹುತೇಕರು ವೋಲ್ಟೇಜ್ ವರ್ಧಿಸುವ ಚಿಪ್‌ಗಳಾದ ಆಪ್‌ಆಂಪ್‌ಗಳಿಂದ ಕಟ್ಟಿದ ಕೃತಕ ಇಂಡಕ್ಟರಿನ ಮೊರೆ ಹೋಗುತ್ತಾರೆ. ಆಪ್‌ಆಂಪ್‌ಗೆ ಪೂರೈಕೆ ವೋಲ್ಟೇಜಿನ ಮಿತಿಯಿದೆ; ಪಿಜೋ ಅದಕ್ಕಿಂತ ಹೆಚ್ಚು ವೋಲ್ಟೇಜ್ ಹುಟ್ಟಿಸಿದ ಕ್ಷಣ ಅದು ಇಂಡಕ್ಟರಿನಂತೆ ವರ್ತಿಸುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಸ್ಥಳಾಂತರದ ಜೊತೆಗೆ ಇಂಡಕ್ಟರಿನ ವೋಲ್ಟೇಜನ್ನೂ ಕಡ್ಡಾಯವಾಗಿ ನೋಡಬೇಕು.

ಕೊನೆಗೆ, ತಾಪಮಾನ ಏರಿದಂತೆ ಸೆರಾಮಿಕ್‌ನ ಕೆಪಾಸಿಟೆನ್ಸ್ ಬದಲಾಗುತ್ತದೆ. ಶೇ. 10ರಷ್ಟು ಹೆಚ್ಚಿದರೆ ವಿದ್ಯುತ್ ಅನುರಣನ ಸುಮಾರು ಶೇ. 5ರಷ್ಟು ಜಾರುತ್ತದೆ, ಹೊಂದಿಸಿದಾಗ ಕಂಪನದ ಗ್ರಾಫ್‌ನಲ್ಲಿ ಸಮನಾಗಿದ್ದ ಎರಡು ತಗ್ಗು ಶಿಖರಗಳಲ್ಲಿ ಒಂದು ಮತ್ತೆ ತಲೆ ಎತ್ತುತ್ತದೆ. ನನ್ನ ಮುಂದೆ ವರದಿ ತರುವವರಿಂದ ಅತ್ಯುತ್ತಮ ಹೊಂದಾಣಿಕೆಯ ಗ್ರಾಫ್‌ನ ಪಕ್ಕದಲ್ಲೇ ಈ ಜಾರಿದ ಗ್ರಾಫನ್ನೂ ಕೇಳುತ್ತೇನೆ. ಗ್ರಾಹಕರಿಗೆ ಕೊಡುವ ಡ್ಯಾಂಪಿಂಗ್ ಅಂಕಿಯನ್ನು ಆ ಎರಡನೆಯದರಿಂದ ತೆಗೆದುಕೊಳ್ಳುತ್ತೇನೆ.