ಬೀಗ ಹಾಕಿದ್ದು ಯಾರು?

ಬಾಗಲಕೋಟೆಯ ನವನಗರದಲ್ಲಿ ನನ್ನ ಅಕ್ಕನ ಮಗನದೊಂದು ಚಿಕ್ಕ ಅಂಗಡಿ ಇದೆ. ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ, ಮದುವೆ ಕಾರ್ಡು. ಒಂದು ಸೋಮವಾರ ಬೆಳಗ್ಗೆ ಅವನ ಫೋನು ಬಂತು.

"ಮಾಮಾ, ಪಾಸ್‌ವರ್ಡ್ ತಗೊಳವಲ್ದು. ವೈರಸ್ ಹೊಕ್ಕೈತಿ ಅನ್ಸತೈತಿ. ಮಂದಿ ಬಂದು ನಿಂತಾರ."

ದನಿಯಲ್ಲಿ ಗಾಬರಿ ಇತ್ತು. ಇರಬೇಕಾದ್ದೇ. ಆ ಕಂಪ್ಯೂಟರಿನಲ್ಲಿ ಅವನ ಲೆಕ್ಕಪತ್ರದ ಜೊತೆಗೆ ಊರ ಮಂದಿಯ ಆಧಾರ್ ಪ್ರತಿ, ಪಹಣಿ, ಮಕ್ಕಳ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಎಲ್ಲ ಇವೆ. ನಂಬಿ ಕೊಟ್ಟ ಕಾಗದಗಳು ಅವು.

"ಸ್ಕ್ರೀನ್ ಮ್ಯಾಲೆ ಏನ್ ಬರದೈತಿ, ಒಂದಕ್ಷರ ಬಿಡದಂಗ ಓದು" ಅಂದೆ.

ಈ ಓದುವ ಕೆಲಸವನ್ನು ನಾವು ಯಾರೂ ಮಾಡುವುದಿಲ್ಲ. ಒಳಗೆ ಬಿಡದಿದ್ದರೆ ಸಾಕು, "ಲಾಕ್ ಆಗಿದೆ" ಅಂದುಬಿಡುತ್ತೇವೆ. ವಿಂಡೋಸ್ ಮಾತ್ರ ಮೂರು ಬೇರೆ ಬೇರೆ ಮಾತು ಹೇಳುತ್ತದೆ. ಪಾಸ್‌ವರ್ಡ್ ತಪ್ಪು ಅನ್ನುವುದು ಒಂದು. ಇದಕ್ಕೆ ಎಷ್ಟೋ ಸಲ ಕಾರಣ ಕ್ಯಾಪ್ಸ್ ಲಾಕ್, ಇಲ್ಲವೇ ಕೀಬೋರ್ಡು ಕನ್ನಡಕ್ಕೆ ಹೊರಳಿರುವುದು. ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿ ನೋಡಿದರೆ ಗೊತ್ತಾಗುತ್ತದೆ. ಖಾತೆಯನ್ನು ನಿಷ್ಕ್ರಿಯ ಮಾಡಲಾಗಿದೆ ಅನ್ನುವುದು ಇನ್ನೊಂದು. ಅದು ತಾನಾಗಿ ಆಗುವುದಿಲ್ಲ. ಅಡ್ಮಿನ್ ಅಧಿಕಾರ ಇರುವ ಯಾರೋ, ಅಥವಾ ಯಾವುದೋ ಪ್ರೋಗ್ರಾಮು, ಬೇಕೆಂದೇ ಮಾಡಿರಬೇಕು. ಮೂರನೆಯದು, ಖಾತೆಗೆ ಬೀಗ ಬಿದ್ದಿದೆ ಅನ್ನುವುದು. ಯಾರೋ ತಪ್ಪು ಪಾಸ್‌ವರ್ಡ್ ಮೇಲಿಂದ ಮೇಲೆ ಹಾಕಿದ್ದಾರೆ, ಅದಕ್ಕೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿದ್ದೇನೆ ಎಂದು ಅದರ ಅರ್ಥ.

ಅವನು ಓದಿದ್ದು ಮೂರನೆಯದನ್ನು.

ನನಗೆ ಕಿವಿ ನೆಟ್ಟಗಾಯಿತು. ಅವನು ಅಂಗಡಿ ತೆರೆದು, ಎರಡೂ ಕಂಪ್ಯೂಟರ್ ಶುರು ಮಾಡಿ, ಕಸ ಹೊಡೆದು, ದೇವರಿಗೆ ಊದುಬತ್ತಿ ಹಚ್ಚಿ ಬಂದು ಕುಳಿತಿದ್ದ. ಪಾಸ್‌ವರ್ಡ್ ಹಾಕಿದ್ದು ಒಂದೇ ಸಲ. ಹಾಗಾದರೆ ಉಳಿದ ಸಲ ಹಾಕಿದವರು ಯಾರು?

"ಹಿಂದಿನ ಲ್ಯಾನ್ ವೈರ್ ಕೀಳು. 10 ನಿಮಿಷ ಏನೂ ಮುಟ್ಟಬ್ಯಾಡ" ಅಂದೆ.

ಕಂಪ್ಯೂಟರನ್ನು ನೆಟ್‌ವರ್ಕಿಗೆ ಜೋಡಿಸುವ ವೈರು ಅದು. ಹತ್ತೇ ನಿಮಿಷ ಯಾಕೆ ಅಂದರೆ, 2022ರಲ್ಲಿ ಬಂದ ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಹೊಸದಾಗಿ ಹಾಕಿದ ಕಂಪ್ಯೂಟರುಗಳಲ್ಲಿ ಅದೇ ಲೆಕ್ಕ. 10 ಸಲ ತಪ್ಪಿದರೆ 10 ನಿಮಿಷ ಬೀಗ. ಅಡ್ಮಿನ್ ಖಾತೆಗೂ ರಿಯಾಯಿತಿ ಇಲ್ಲ. ಕೇಳಲಿಕ್ಕೆ ಚಿಕ್ಕ ಶಿಕ್ಷೆ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 10 ನಿಮಿಷಕ್ಕೆ 10 ಸಲ ಅಂದರೆ ದಿನಕ್ಕೆ 1,440 ಸಲ. ಎಂಟು ಚಿಕ್ಕ ಇಂಗ್ಲಿಷ್ ಅಕ್ಷರಗಳಿಂದ ಮಾಡಬಹುದಾದ ಪಾಸ್‌ವರ್ಡ್‌ಗಳು ಸುಮಾರು 20,882 ಕೋಟಿ. ಎಲ್ಲವನ್ನೂ ಈ ವೇಗದಲ್ಲಿ ಹಾಕಿ ಮುಗಿಸಲು 3 ಲಕ್ಷ 97 ಸಾವಿರ ವರ್ಷ ಬೇಕು. ಕಳ್ಳನಿಗೆ ಅಷ್ಟು ಕಾಲ ಎಲ್ಲಿದೆ!

ಆದರೆ ಈ ಕಾವಲು ಇರುವುದು ಮುಂಬಾಗಿಲಿಗೆ ಮಾತ್ರ. ಹಿಂದೆ ಇನ್ನೊಂದು ಕಥೆ ಇದೆ.

ಕಂಪ್ಯೂಟರಿಗೆ ನಿಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ನಾವು ಅದು ಒಳಗೆಲ್ಲೋ ಬರೆದಿಟ್ಟುಕೊಂಡಿದೆ ಅಂದುಕೊಳ್ಳುತ್ತೇವೆ. ಮೊದಮೊದಲು ಹಾಗೇ ಬರೆದಿಡುತ್ತಿದ್ದರು ನಿಜ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1960ರ ದಶಕದಲ್ಲಿ ಹಲವರು ಒಟ್ಟಿಗೆ ಬಳಸುವ ಕಂಪ್ಯೂಟರ್ ವ್ಯವಸ್ಥೆ ಕಟ್ಟಿತ್ತು. ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್. ಒಮ್ಮೆ ಅಲ್ಲಿ ಎರಡು ಫೈಲುಗಳು ಅದಲು ಬದಲಾದವು. ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸಿತು! ಬರೆದಿಟ್ಟದ್ದು ಇವತ್ತಲ್ಲ ನಾಳೆ ಯಾರ ಕಣ್ಣಿಗಾದರೂ ಬೀಳುತ್ತದೆ.

ಅದಕ್ಕೇ ಈಗ ಪಾಸ್‌ವರ್ಡನ್ನು ಬೀಸಿ ಇಡುತ್ತಾರೆ. ಗಿರಣಿಗೆ ಜೋಳ ಹಾಕಿದಂತೆ. ಜೋಳ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟು ಹಾಕಿದರೆ ಜೋಳ ಬರುವುದಿಲ್ಲ. ಈ ಹಿಟ್ಟಿಗೆ ಹ್ಯಾಶ್ ಎನ್ನುತ್ತಾರೆ. ನೀವು ಪಾಸ್‌ವರ್ಡ್ ಹೊಡೆದಾಗ ವಿಂಡೋಸ್ ಅದನ್ನು ಮತ್ತೆ ಬೀಸುತ್ತದೆ. ಹಳೆಯ ಹಿಟ್ಟಿಗೂ ಹೊಸ ಹಿಟ್ಟಿಗೂ ತಾಳೆಯಾದರೆ ಒಳಗೆ ಬಿಡುತ್ತದೆ. ಒಂದೇ ವ್ಯತ್ಯಾಸ: ಗಿರಣಿಯಲ್ಲಿ ಸೇರು ಜೋಳಕ್ಕೆ ಸೇರಿನಷ್ಟೇ ಹಿಟ್ಟು. ಇಲ್ಲಿ ನಾಲ್ಕು ಅಕ್ಷರ ಹಾಕಿ, ನಲವತ್ತು ಹಾಕಿ, ಹೊರಬರುವುದು ಒಂದೇ ಅಳತೆ, 128 ಬಿಟ್. ಇವೆಲ್ಲ ಸ್ಯಾಮ್ ಎಂಬ ಫೈಲಿನಲ್ಲಿ ಇರುತ್ತವೆ. ಆ ಫೈಲೇ ಕಳ್ಳತನವಾದರೆ? ಆಗ ಮುಂಬಾಗಿಲಿನ 10 ನಿಮಿಷದ ಶಿಕ್ಷೆ ನಡೆಯುವುದಿಲ್ಲ. ಕಳ್ಳ ತನ್ನ ಮನೆಯಲ್ಲೇ ಕೂತು ಬೀಸಿ ಬೀಸಿ ತಾಳೆ ನೋಡಬಹುದು. ಸೆಕೆಂಡಿಗೆ 100 ಕೋಟಿ ಸಲ ಬೀಸುವ ಯಂತ್ರ ಇದ್ದರೆ ಆ 20,882 ಕೋಟಿಯೂ ಮೂರೂವರೆ ನಿಮಿಷದಲ್ಲಿ ಮುಗಿಯುತ್ತವೆ. ಇವತ್ತಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಆ ವೇಗ ಕಷ್ಟವೇನಲ್ಲ. 3 ಲಕ್ಷ 97 ಸಾವಿರ ವರ್ಷ ಎಲ್ಲಿ, ಮೂರೂವರೆ ನಿಮಿಷ ಎಲ್ಲಿ. ಉದ್ದನೆಯ ಪಾಸ್‌ವರ್ಡ್ ಇಡಿ ಎಂದು ನಾನು ಬೆನ್ನು ಹತ್ತುವುದು ಇದಕ್ಕೇ.

ಅಷ್ಟರಲ್ಲಿ ಫೋನು ಮತ್ತೆ ಬಂತು. "ತಗೀತು ಮಾಮಾ!"

ಹಳೆಯ ಪಾಸ್‌ವರ್ಡೇ ನಡೆದಿತ್ತು. ಅಂದರೆ ಅದನ್ನು ಯಾರೂ ಬದಲಿಸಿಲ್ಲ. ವೈರು ಕಿತ್ತ ಮೇಲೆ ಬೀಗ ಮತ್ತೆ ಬಿದ್ದಿಲ್ಲ. ಅಂದರೆ ತಪ್ಪು ಪಾಸ್‌ವರ್ಡ್ ಬಂದದ್ದು ಬಹುಶಃ ಆ ವೈರಿನಿಂದಲೇ. "ವೈರ್ ಮತ್ತ ಹಚ್ಚಬ್ಯಾಡ" ಅಂತ ಹೇಳಿ ಸಂಜೆ ಅಂಗಡಿಗೆ ಹೋದೆ.

ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬುದೊಂದು ಇದೆ. ಬಂದದ್ದು ಹೋದದ್ದನ್ನೆಲ್ಲ ಬರೆದಿಡುವ ದಿನವಹಿ ಅದು. ಒಂದೊಂದು ಘಟನೆಗೆ ಒಂದೊಂದು ನಂಬರು. ಖಾತೆಗೆ ಬೀಗ ಬಿದ್ದರೆ 4740. ಯಾರಾದರೂ ಪಾಸ್‌ವರ್ಡ್ ಹೊಸದಾಗಿ ಕೂರಿಸಲು ನೋಡಿದ್ದರೆ 4724. ಖಾತೆ ನಿಷ್ಕ್ರಿಯ ಮಾಡಿದ್ದರೆ 4725. ಹೊಸ ಖಾತೆ ಹುಟ್ಟಿದ್ದರೆ 4720. ಆ ಖಾತೆಯನ್ನು ಅಡ್ಮಿನ್ ಗುಂಪಿಗೆ ಸೇರಿಸಿದ್ದರೆ 4732. ನಿಮಗೆ ಗೊತ್ತಿಲ್ಲದ 4720, ಅದರ ಬೆನ್ನಿಗೇ 4732 ಕಂಡರೆ ಯಾರೋ ನಿಮ್ಮ ಮನೆಗೆ ತಮ್ಮದೊಂದು ಕೀಲಿ ಮಾಡಿಸಿಕೊಂಡಿದ್ದಾರೆ ಎಂದು ತಿಳಿಯಬೇಕು. ನನಗೆ ತುಂಬಾ ಇಷ್ಟವಾಗುವ ನಂಬರು 1102. ಭದ್ರತೆಯ ದಿನವಹಿಯನ್ನು ಯಾರಾದರೂ ಅಳಿಸಿದರೆ, ಅಳಿಸಿದ ಸಂಗತಿಯೇ ಮೊದಲ ಸಾಲಾಗಿ ಅದರಲ್ಲಿ ಕೂರುತ್ತದೆ.

ನಾವು 4740 ಹುಡುಕಿದೆವು. ಸಿಕ್ಕಿತು. ಬೆಳಗ್ಗೆ ಅವನು ಕಸ ಹೊಡೆಯುತ್ತಿದ್ದ ಹೊತ್ತಿನದೇ. ಅದರಲ್ಲಿ ಒಂದು ಸಾಲು, ಯಾವ ಕಂಪ್ಯೂಟರಿನಿಂದ ಕೇಳಿಕೆ ಬಂತು ಎಂದು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಹೆಸರು ಇತ್ತು.

ಅದು ವಿಂಡೋಸ್ 7. ಹಳೆಯ ಪ್ರಿಂಟರಿಗಾಗಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಮದುವೆ ಕಾರ್ಡುಗಳಿಗಾಗಿ ಅದನ್ನು ಇಟ್ಟುಕೊಂಡಿದ್ದ. ಗಿರಾಕಿಗಳ ಪೆನ್‌ಡ್ರೈವ್ ಎಲ್ಲ ಚುಚ್ಚುವುದು ಅದಕ್ಕೇ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಭದ್ರತೆಯ ತೂತುಗಳಿಗೆ ತೇಪೆ ಹಾಕುವುದನ್ನು 2020ರ ಜನವರಿ 14ಕ್ಕೆ ನಿಲ್ಲಿಸಿದೆ. ಬೀಗ ಬಿದ್ದದ್ದು ಹೊಸ ಕಂಪ್ಯೂಟರಿಗೆ, ರೋಗ ಇದ್ದದ್ದು ಹಳೆಯದಕ್ಕೆ.

ಇದು ಹೊಸ ಆಟವೇನಲ್ಲ. 2008ರ ನವೆಂಬರಿನಲ್ಲಿ ಕಾನ್‌ಫಿಕರ್ ಎಂಬ ಹುಳ, ಅಂದರೆ ತಾನಾಗಿ ಹರಡುವ ಕೇಡಿನ ಪ್ರೋಗ್ರಾಮು, ಜಗತ್ತಿನ ಲಕ್ಷಗಟ್ಟಲೆ ಕಂಪ್ಯೂಟರುಗಳಿಗೆ ಹರಡತೊಡಗಿತು. ಅದು ನುಗ್ಗುತ್ತಿದ್ದ ವಿಂಡೋಸ್ ತೂತಿಗೆ ತೇಪೆ ಅಕ್ಟೋಬರಿನಲ್ಲೇ ಬಂದಿತ್ತು, ಎಷ್ಟೋ ಜನ ಹಾಕಿಕೊಂಡಿರಲಿಲ್ಲ. ಆ ಹುಳ ಪೆನ್‌ಡ್ರೈವ್‌ನಲ್ಲೂ ಹೋಗುತ್ತಿತ್ತು, ನೆಟ್‌ವರ್ಕಿನಲ್ಲೂ ಹೋಗುತ್ತಿತ್ತು. ಜನ ಸುಮ್ನೆ ಇಟ್ಟುಕೊಳ್ಳುವ ಸುಲಭದ ಪಾಸ್‌ವರ್ಡ್‌ಗಳ ಪಟ್ಟಿ ಅದರ ಹೊಟ್ಟೆಯಲ್ಲಿತ್ತು. ಪಕ್ಕದ ಕಂಪ್ಯೂಟರಿನ ಖಾತೆಗಳ ಮೇಲೆ ಒಂದೊಂದಾಗಿ ಪ್ರಯೋಗಿಸುತ್ತಿತ್ತು. ಹಾಗಾಗಿ ಕಚೇರಿಗಳಲ್ಲಿ ಖಾತೆಗಳಿಗೆ ಸಾಲುಸಾಲಾಗಿ ಬೀಗ ಬೀಳತೊಡಗಿದವು. ಬೀಗ ಬಿದ್ದದ್ದು ಕಾವಲು ಕೆಲಸ ಮಾಡಿದ್ದರ ಗುರುತು.

ಇನ್ನು ಹಳೆಯ ಕಂಪ್ಯೂಟರಿನ ಗತಿ. ಅಳಿಯ ಅದರಲ್ಲಿದ್ದ ಆಂಟಿವೈರಸ್ ಓಡಿಸಿ ತೋರಿಸಿದ. "ಏನೂ ಇಲ್ಲ ಅಂತೈತಿ ಮಾಮಾ."

ಈ ಮಾತನ್ನು ನಂಬಬಾರದು. ಸೋಂಕು ತಗುಲಿದ ಕಂಪ್ಯೂಟರನ್ನೇ "ನಿನಗೆ ಸೋಂಕು ಇದೆಯಾ" ಎಂದು ಕೇಳಿ ಫಲವಿಲ್ಲ. ಆಂಟಿವೈರಸ್ ಫೈಲುಗಳನ್ನು ತಾನೇ ಕಣ್ಣಾರೆ ನೋಡುವುದಿಲ್ಲ. ಈ ಫೋಲ್ಡರಿನಲ್ಲಿ ಏನೇನಿದೆ ಎಂದು ವಿಂಡೋಸನ್ನು ಕೇಳುತ್ತದೆ. ಅಡ್ಮಿನ್ ಅಧಿಕಾರ ಪಡೆದ ಕೇಡಿನ ಪ್ರೋಗ್ರಾಮು, ಅಂದರೆ ಮಾಲ್‌ವೇರ್ ಈ ಕೇಳುವವನಿಗೂ ಹೇಳುವವನಿಗೂ ನಡುವೆ ಕೂತುಬಿಡಬಹುದು. ಪಟ್ಟಿಯಿಂದ ತನ್ನ ಹೆಸರು ತೆಗೆದು ಉಳಿದದ್ದನ್ನು ದಾಟಿಸಬಹುದು. ಇಂಥದ್ದಕ್ಕೆ ರೂಟ್‌ಕಿಟ್ ಎನ್ನುತ್ತಾರೆ. ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಇದನ್ನೇ ಇನ್ನೂ ಆಳಕ್ಕೆ ಇಳಿದು ತೋರಿಸಿದರು. ಪ್ರೋಗ್ರಾಮನ್ನು ತಯಾರಿಸುವ ಪ್ರೋಗ್ರಾಮಿನಲ್ಲೇ ಕಳ್ಳಬಾಗಿಲು ಅಡಗಿದ್ದರೆ ಮೂಲ ಬರಹವನ್ನೆಲ್ಲ ಸಾಲುಸಾಲು ಓದಿದರೂ ಅದು ಸಿಗುವುದಿಲ್ಲ. ಅದೇ ದಶಕದಲ್ಲಿ ಫ್ರೆಡ್ ಕೋಹೆನ್, ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಹಿಡಿಯುವ ಪ್ರೋಗ್ರಾಮು ಸಾಧ್ಯವೇ ಇಲ್ಲ ಎಂದು ಗಣಿತದಿಂದ ಸಾಧಿಸಿದರು.

ಹಾಗಾಗಿ ನೋಡುವುದಾದರೆ ಹೊರಗಿನಿಂದ ನೋಡಬೇಕು. ನನ್ನ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಹಾಕಿ ತಯಾರಿಸಿದ ಪೆನ್‌ಡ್ರೈವ್ ಒಯ್ದಿದ್ದೆ. ಅದರಿಂದಲೇ ಹಳೆಯ ಕಂಪ್ಯೂಟರ್ ಶುರು ಮಾಡಿದೆವು. ಆಗ ವಿಂಡೋಸ್ ಏಳುವುದೇ ಇಲ್ಲ, ಹಾರ್ಡ್ ಡಿಸ್ಕ್ ಬರೀ ಸಾಮಾನಿನ ಪೆಟ್ಟಿಗೆ. ಮಲಗಿರುವ ಹುಳ ಅಡಗಿಕೊಳ್ಳಲಾರದು. ಕಾರ್ಡುಗಳು, ಕಾಗದಗಳು, ಫೋಟೋಗಳನ್ನಷ್ಟೇ ನಕಲು ಮಾಡಿಕೊಂಡೆವು. ಓಡುವ ಪ್ರೋಗ್ರಾಮು ಒಂದನ್ನೂ ಮುಟ್ಟಲಿಲ್ಲ. ಆಮೇಲೆ ಡಿಸ್ಕ್ ಪೂರ್ತಿ ಅಳಿಸಿದೆವು. ಹೊಸ ಕಂಪ್ಯೂಟರಿಗೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಚ್ಚಿದೆವು. ಅದು ಕಂಪ್ಯೂಟರನ್ನು ಮರಳಿ ಶುರು ಮಾಡಿ, ವಿಂಡೋಸ್ ಏಳುವ ಮೊದಲೇ ಹೊರಗೆ ನಿಂತು ಹುಡುಕುತ್ತದೆ. ಕಾಲು ಗಂಟೆಯ ಕೆಲಸ.

ಹೊರಗಿನಿಂದ ಇಷ್ಟೆಲ್ಲ ನೋಡಬಹುದಾದರೆ ಪಾಸ್‌ವರ್ಡನ್ನೂ ಹೊರಗಿನಿಂದಲೇ ಅಳಿಸಬಹುದಲ್ವಾ? ಅಳಿಸಬಹುದು. "ಪಾಸ್‌ವರ್ಡ್ ಒಡೆದು ಕೊಡ್ತೀವಿ" ಅನ್ನುವವರು ಮಾಡುವುದು ಅದನ್ನೇ. ಆದರೆ ಅವಸರ ಬೇಡ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ವಿಂಡೋಸ್ ಗೂಢಲಿಪಿಯಲ್ಲಿ ಇಟ್ಟ ಫೈಲುಗಳು ಇವುಗಳ ಕೀಲಿ ಹುಟ್ಟುವುದೇ ನಿಮ್ಮ ಪಾಸ್‌ವರ್ಡಿನಿಂದ. ಬಲವಂತದಿಂದ ಹೊಸದು ಕೂರಿಸಿದರೆ ಬಾಗಿಲು ತೆರೆಯುತ್ತದೆ, ಒಳಗಿನ ತಿಜೋರಿ ತೆರೆಯುವುದಿಲ್ಲ. ಮೊದಲು ನೆಟ್ಟಗಿನ ದಾರಿ ನೋಡಿ. ಮೈಕ್ರೋಸಾಫ್ಟ್ ಖಾತೆಯಾದರೆ ಫೋನಿನಿಂದಲೇ ಬದಲಿಸಬಹುದು. ಕಂಪ್ಯೂಟರಿನದೇ ಖಾತೆಯಾದರೆ, ಮೊದಲೇ ಉತ್ತರ ಕೊಟ್ಟಿದ್ದ ಭದ್ರತಾ ಪ್ರಶ್ನೆಗಳಿವೆ. ಎರಡನೆಯ ಅಡ್ಮಿನ್ ಖಾತೆ ಇದ್ದರೆ ಕೊನೆಯ ಆಸರೆಯಾಗಿ ಅದು, ಆದರೆ ಅಲ್ಲಿಂದ ಬದಲಿಸಿದರೂ ತಿಜೋರಿಯ ಗತಿ ಅದೇ. ಅಡ್ಮಿನಿಸ್ಟ್ರೇಟರ್ ಎಂಬ ಹುಟ್ಟು ಖಾತೆ ಇದೆಯಲ್ಲ ಎಂದು ಕೆಲವರು ನೆಚ್ಚುತ್ತಾರೆ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಅದನ್ನು ಮಲಗಿಸಿಯೇ ಕೊಡುತ್ತಾರೆ.

ಮೇಲ್, ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಆ ಸಂಜೆ ಅವನ ಫೋನಿನಿಂದ ಬದಲಿಸಿದೆವು. ಸಂಶಯ ಇರುವ ಕಂಪ್ಯೂಟರಿನಲ್ಲಿ ಹೊಸ ಪಾಸ್‌ವರ್ಡ್ ಹೊಡೆದರೆ ಕಳ್ಳನಿಗೆ ಹೇಳಿ ಹೊಡೆದಂತೆ. ಎಲ್ಲ ಕಡೆಯಿಂದ ಲಾಗೌಟ್ ಮಾಡುವ ಗುಂಡಿಯನ್ನೂ ಒತ್ತಿಸಿದೆ. ಲಾಗಿನ್ ಆದ ಗುರುತಿಗೆ ಬ್ರೌಸರ್ ಇಟ್ಟುಕೊಳ್ಳುವ ಕುಕೀ ಕದ್ದವನಿಗೆ ಪಾಸ್‌ವರ್ಡ್ ಬೇಕಾಗುವುದಿಲ್ಲ, ಈಗಾಗಲೇ ತೆರೆದಿರುವ ಬಾಗಿಲಿನಿಂದಲೇ ಬರುತ್ತಾನೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕಿತ್ತು. ಹೋಗಿರಲಿಲ್ಲ.

ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾದಾ ಖಾತೆ ಮಾಡಿಕೊಟ್ಟೆ. ಪೆನ್‌ಡ್ರೈವ್‌ನಿಂದ ಏನಾದರೂ ಹೊಕ್ಕರೂ ಅದರ ಕೈಗೆ ಸಾದಾ ಖಾತೆಯಷ್ಟೇ ಅಧಿಕಾರ ಸಿಗಲಿ ಎಂದು. ಹೊಸ ಕಂಪ್ಯೂಟರಿನ ಡಿಸ್ಕಿಗೆ ಬಿಟ್‌ಲಾಕರ್ ಹಾಕಿದೆವು. ಇನ್ನು ನನ್ನಂಥವರು ಪೆನ್‌ಡ್ರೈವ್ ತಂದರೂ ಕೀಲಿ ಇಲ್ಲದೆ ಒಳಗಿನದು ಕಾಣುವುದಿಲ್ಲ. ತುರ್ತಿಗೆಂದು ಇಟ್ಟುಕೊಳ್ಳುವ ಅದರ ರಿಕವರಿ ಕೀಲಿ 48 ಅಂಕಿ. ಕಳೆದುಹೋದರೆ ಮೈಕ್ರೋಸಾಫ್ಟೂ ಹೊಸದು ಮಾಡಿಕೊಡಲಾರದು.

ಅಳಿಯ ಆ 48 ಅಂಕಿಗಳನ್ನು ಆರಾರು ಬಿಡಿಸಿ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ. ನಾನು ಸ್ಕ್ರೀನ್ ನೋಡಿ ಓದುತ್ತಾ ಹೋದೆ, ಅವನು ಬರೆದದ್ದಕ್ಕೆ ಬೆರಳಿಟ್ಟು ತಾಳೆ ನೋಡಿದ. ಎರಡು ಸಲ. ಆಮೇಲೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಮನೆಗೆ ಹೋಗಿ ಅವ್ವನ ಕೈಗೆ ಕೊಟ್ಟ. ಅಕ್ಕ ಅದನ್ನು ಮನೆಪತ್ರ ಇಡುವ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದಳು.